ಇಪ್ಪತ್ತಮೂರನೆಯ ಹಾಸಿಗೆ

ಎಂಟು ವರ್ಷದಿಂದ ಈ ಮನೆಯವರು ಯಾವ ಊರಿಗೆ ಹೋದರೂ ಅಲ್ಲಿ ತಂಗಲು ಮನೆ ಹುಡುಕಿಕೊಟ್ಟವಳು ನಾನು. ಪೆನಾಂಗ್ ಆಗಲಿ, ಕ್ವಾಂತಾನ್ ಆಗಲಿ, ಎಲ್ಲಾ ಕಡೆಗೂ. ಹೋಟೆಲು ನಮ್ಮಂಥವರಿಗೆ ಒಗ್ಗುವುದಿಲ್ಲ. ಆರು ಕೋಣೆ ಹಿಡಿದರೆ ಆರೂ ಕೋಣೆಯವರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಆ ಚಂದಕ್ಕೆ ಒಟ್ಟಿಗೆ ಹೋಗಬೇಕೇ? ನಮಗೆ ಇಡೀ ಮನೆಯೇ ಬೇಕು. ಅಡುಗೆಮನೆ ಇರಬೇಕು, ನಡುಮನೆಯಲ್ಲಿ ಸುರುಳಿ ಹಾಸಿಗೆಗಳನ್ನು ಸಾಲಾಗಿ ಬಿಚ್ಚಿದರೆ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಮಲಗುವಷ್ಟು ಜಾಗ ಇರಬೇಕು.

ಮೊದಲೆಲ್ಲ ನಾನೂ ನನ್ನ ಗಂಡ ಕಮರುಲ್ಲೂ ಸೇರಿ ಹುಡುಕುತ್ತಿದ್ದೆವು. ನಾನು ಫೋನಿನಲ್ಲಿ ಮನೆಗಳ ಚಿತ್ರ ನೋಡಿ ಆರಿಸುತ್ತಿದ್ದೆ, ಅವನು ಮಾಲೀಕರ ಜೊತೆ ಮಾತಾಡುತ್ತಿದ್ದ. "ಮೇಲಿನ ಬಚ್ಚಲಲ್ಲಿ ನೀರು ಜೋರಾಗಿ ಬರುತ್ತಾ? ದಾರದ ಹಂಗೆ ಬಂದ್ರೆ ನಮ್ಮಕ್ಕ ನನ್ನ ಚರ್ಮ ಸುಲೀತಾಳೆ" ಅನ್ನುತ್ತಿದ್ದ. ಅವನು ತೀರಿಕೊಂಡು ಎರಡು ವರ್ಷವಾಯಿತು. ಮೀನು ಹಿಡಿಯಲು ಹೋದವನು ದೋಣಿಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಅಂದಿನಿಂದ ನಾನು, ನನ್ನ ಮಗಳು ಇರ್ದಿನಾ, ಮಗ ಆಕಿಫ್, ಮೂವರೂ ತೆಲುಕ್ ಇಂತಾನಿನಲ್ಲಿ ಅತ್ತೆಯ ಮನೆಯಲ್ಲೇ ಇದ್ದೇವೆ. ಅತ್ತೆಯನ್ನು ನಾನೂ ಮಾಕ್, ಅಂದರೆ ಅಮ್ಮ, ಅಂತಲೇ ಕರೆಯುವುದು. ನನಗೆ ಬೇರೆ ತಾಯಿ ಇಲ್ಲ.

ನವೆಂಬರಿನ ಮೊದಲ ವಾರ, ಒಂದು ಬೆಳಗ್ಗೆ ನಾನು ಶಾಲೆಯ ಕ್ಯಾಂಟೀನಿಗೆ ಹೊರಟಿದ್ದೆ. ಮಾಕ್ ಗಾಲಿಕುರ್ಚಿಯಲ್ಲಿ ಕೂತು ತೆಂಗಿನಹಾಲಿನ ಅನ್ನ ತಿನ್ನುತ್ತಿದ್ದರು.

"ಡಿಸೆಂಬರ್ ರಜಕ್ಕೆ ಮಲಾಕಾಗೆ ಹೋಗೋಣ ಅಂತಿದಾಳೆ ಕಾಕ್ ಲೊಂಗ್" ಅಂದರು. ಕಾಕ್ ಲೊಂಗ್ ಅಂದರೆ ನನ್ನ ಗಂಡನ ದೊಡ್ಡಕ್ಕ. ಮನೆಗೆ ಹಿರಿಯಳು, ಈಪೋದಲ್ಲಿರುವುದು, ಶಾಲೆಯ ಮುಖ್ಯೋಪಾಧ್ಯಾಯಿನಿ. ಮನೆಯವರೆಲ್ಲ ಅವರ ಶಾಲೆಯ ಮಕ್ಕಳು ಅಂತಲೇ ಅವರು ತಿಳಿದಿರುವುದು.

"ಎಲ್ಲರೂನಾ ಮಾಕ್?"

"ಎಲ್ಲರೂ. ನನ್ನ ಮಕ್ಕಳು ಮೊಮ್ಮಕ್ಕಳು ಒಂದೇ ಸೂರಿನಡಿ ಮೂರು ರಾತ್ರಿ ಮಲಗ್ಲಿ. ನೀನು ಮನೆ ಹುಡುಕು ಸಲ್ಮಿ. ನಿನ್ನ ಹಂಗೆ ಹುಡುಕೋಕೆ ಇವರಿಗ್ಯಾರಿಗೂ ಬರಲ್ಲ."

ನನಗೆ ಹಿಗ್ಗೋ ಹಿಗ್ಗು. ಯಾಕೆ ಅಂದರೆ ಉಪವಾಸದ ಹಬ್ಬ ಕಳೆದ ಮೇಲೆ ಮಾಕ್ ನನ್ನೊಂದಿಗೆ ನೆಟ್ಟಗೆ ಮಾತೇ ಆಡಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಹಬ್ಬದ ನಾಲ್ಕನೆಯ ದಿನ ನಾನು ಅವರ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅವರು ಮೆಲ್ಲಗೆ ಮಾತು ತೆಗೆದಿದ್ದರು.

"ಉಸುಗೆ ಮೂವತ್ತಾರಾಯ್ತು. ಇನ್ನೂ ಒಂಟಿ."

ಉಸು ನನ್ನ ಕಿರಿಯ ಮೈದುನ. ಲಾರಿ ರಿಪೇರಿ ಮಾಡುತ್ತಾನೆ, ಗ್ಯಾರೇಜಿನ ಮೇಲಿನ ಕೋಣೆಯಲ್ಲೇ ಮಲಗುತ್ತಾನೆ. "ಹೌದು, ಹುಡುಗಿ ನೋಡಿ ಮಾಕ್" ಅಂದೆ.

"ನೋಡಿದೀನಿ. ನೀನೇ ಇದೀಯಲ್ಲ."

ನನ್ನ ಕೈ ಅಲ್ಲೇ ನಿಂತಿತು. ಸತ್ತವನ ಹೆಂಡತಿಯನ್ನು ಅವನ ತಮ್ಮನಿಗೆ ಕೊಟ್ಟು ಮದುವೆ ಮಾಡುವುದು ನಮ್ಮಲ್ಲಿ ಹೊಸದಲ್ಲ. ಚಾಪೆ ಬದಲಿಸುವುದು ಅಂತಾರೆ ಅದಕ್ಕೆ. ತಪ್ಪೂ ಅಲ್ಲ. ಆದರೆ ನಾನು ಈ ಮನೆಗೆ ಬಂದಾಗ ಉಸು ಇಪ್ಪತ್ತರ ಹುಡುಗ. ಅವನಿಗೆ ಜ್ವರ ಬಂದರೆ ಗಂಜಿ ಕಾಯಿಸಿ ಕೊಟ್ಟವಳು ನಾನು, ಸಿಗರೇಟು ಸೇದಿದ್ದಕ್ಕೆ ಸೌಟಿನಲ್ಲಿ ಹೊಡೆದವಳೂ ನಾನೇ.

"ಅವನು ನನಗೆ ತಮ್ಮ ಮಾಕ್. ಆಗಲ್ಲ" ಅಂದೆ.

"ಮಕ್ಕಳು ಈ ಮನೇಲೇ ಉಳೀತಾವೆ. ನೀನೂ ಉಳೀತೀಯ."

"ನಾನು ಈಗ್ಲೂ ಇಲ್ಲೇ ಇದೀನಲ್ಲ. ಎಲ್ಲಿಗೆ ಹೋದೆ?"

ಮಾಕ್ ಒಮ್ಮೆ ನನ್ನ ಮುಖ ನೆಟ್ಟು ನೋಡಿ, ಕಾಲು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಆ ಎಣ್ಣೆ ಬಾಟಲಿ ಇರ್ದಿನಾಳ ಕೈಗೆ ಹೋಯಿತು. ಹೀಗಿದ್ದಾಗ, ಇದ್ದಕ್ಕಿದ್ದಂತೆ 'ನಿನ್ನ ಹಂಗೆ ಹುಡುಕೋಕೆ ಯಾರಿಗೂ ಬರಲ್ಲ' ಅಂದರೆ ನನಗೆ ಹೇಗಾಗಬೇಡ? ಸಿಟ್ಟು ಇಳಿಯಿತು ಅಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಎರಡು ವಾರ ಹುಡುಕಿದೆ. ಬೆಳಗ್ಗೆ ಕ್ಯಾಂಟೀನಿನಲ್ಲಿ ನೂರೈವತ್ತು ಪೊಟ್ಟಣ ಅನ್ನ ಕಟ್ಟುವುದು, ಮಧ್ಯಾಹ್ನ ಮನೆಗೆ ಬಂದು ಮಾಕ್‌ಗೆ ಸ್ನಾನ ಮಾಡಿಸುವುದು, ಬಟ್ಟೆ ಒಣಹಾಕುವುದು, ನಡುವೆ ಬಿಡುವಾದಾಗಲೆಲ್ಲ ಫೋನು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಬೇಡಿಕೆ.

"ಈಜುಕೊಳ ಇರ್ಲೇಬೇಕು" ಅಂತ ಕಾಕ್ ಲೊಂಗ್.

"ನಾಲ್ಕು ಗಾಡಿ ನಿಲ್ಲೋಕೆ ಜಾಗ" ಅಂತ ಅವರ ತಮ್ಮ ಆಂಗಾಹ್.

"ಹಂದಿಮಾಂಸ ಬೇಯಿಸದ ಅಡುಗೆಮನೆ ಆಗ್ಬೇಕು, ಕೇಳಿದೀಯಾ ಸಲ್ಮಿ?" ಅಂತ ಆಂಗಾಹ್‌ನ ಹೆಂಡತಿ. ಕೇಳದೆ ಇರುತ್ತೇನೆಯೇ? ಮೊದಲು ಕೇಳುವುದೇ ಅದು.

ಮಾಕ್‌ಗೆ ಕೆಳಗಿನ ಅಂತಸ್ತಿನಲ್ಲೇ ಕೋಣೆ, ಕೂರುವ ಕಕ್ಕಸು, ಬಾಗಿಲಿಗೆ ಎತ್ತರದ ಹೊಸ್ತಿಲು ಇರಬಾರದು. ಇಷ್ಟನ್ನೂ ಯಾರೂ ಬರೆಯಲಿಲ್ಲ, ಅದು ನನ್ನ ತಲೆಯಲ್ಲೇ ಇತ್ತು. ಒಂದು ಮನೆಗೆ ಕೊಳವಿತ್ತು, ಮಾಕ್‌ಗೆ ಹತ್ತಲು ಎಂಟು ಮೆಟ್ಟಿಲು. ಇನ್ನೊಂದಕ್ಕೆ ಎಲ್ಲ ಸರಿ, ಬಚ್ಚಲು ಮಾತ್ರ ಒಂದೇ. ಇಪ್ಪತ್ತು ಚಿಲ್ಲರೆ ಜನ ಬೆಳಗಿನ ನಮಾಜಿಗೆ ಮುಂಚೆ ಸಾಲು ನಿಂತರೆ ಸೂರ್ಯ ಹುಟ್ಟಿಯೇ ಬಿಡುತ್ತಾನೆ.

ಕೊನೆಗೆ ಎರಡು ಮನೆ ಉಳಿದವು. ಒಂದು ಊರಾಚೆ, ಮೂವತ್ತು ಜನಕ್ಕೆ ಸಾಲುವ ಹಳೇ ಮನೆ, ಕೊಳವಿಲ್ಲ. ಇನ್ನೊಂದು ನದಿಯ ಹತ್ತಿರವೇ, ಕೊಳವಿದೆ, ಆದರೆ ಇಪ್ಪತ್ತೆರಡು ಜನಕ್ಕೆ ಮಾತ್ರ. ಎರಡರ ಚಿತ್ರವನ್ನೂ ಗುಂಪಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಎಲ್ಲರೂ ಕೊಳದ ಮನೆ ಅಂದರು.

ನಾನು ಬೆರಳು ಮಡಚಿ ಎಣಿಸಿದೆ. ಕಾಕ್ ಲೊಂಗ್ ಮನೆ ಏಳು, ಆಂಗಾಹ್ ಮನೆ ಆರು, ಅವನ ತಂಗಿಯ ಮನೆ ಐದು, ಉಸು ಒಬ್ಬ, ಮಾಕ್ ಒಬ್ಬರು, ನಾವು ಮೂವರು. ಇಪ್ಪತ್ತಮೂರು. ಒಂದು ಹೆಚ್ಚು. ಮನೆಯೊಡತಿ ರಫೀದಾ ಅನ್ನುವವರಿಗೆ ಫೋನು ಮಾಡಿದೆ.

"ಆಗಲ್ಲಮ್ಮಾ" ಅಂದರು ಅವರು. "ಗೇಟಿನಲ್ಲಿ ತಲೆ ಎಣಿಸ್ತಾರೆ. ಹೋದ ಸಲ ಬಂದೋರು ಹದಿನೈದು ಅಂತ ಹೇಳಿ ನಲವತ್ತು ಜನ ಬಂದು ಮದುವೆ ಊಟ ಮಾಡ್ಕೊಂಡು ಹೋದ್ರು. ಅಕ್ಕಪಕ್ಕದೋರು ನನ್ನ ಮುಖಕ್ಕೆ ಉಗಿಯೋದೊಂದು ಬಾಕಿ."

"ಒಂದೇ ಒಂದು ತಲೆ ಕಣ್ರೀ. ಅದೂ ಇಷ್ಟೇ ಗಾತ್ರದ ಹೆಂಗಸು. ಅಡುಗೆಮನೇಲಿ ಬೇಕಾದ್ರೂ ಮಲಗ್ತಾಳೆ."

ಅವರು ನಕ್ಕರು. ಇನ್ನೊಂದು ಹಾಸಿಗೆ ಹಾಕಿಸುತ್ತೇನೆ, ಅದಕ್ಕೆ ಮೂವತ್ತು ರಿಂಗಿಟ್ ಬೇರೆ, ಗುರುತಿನ ಚೀಟಿಯ ನಕಲು ಕಳಿಸಿ, ಆ ಚೀಟಿಯವರೇ ಮುಂದೆ ನಿಂತು ಬೀಗದ ಕೈ ತಗೋಬೇಕು ಅಂದರು. ಅದಕ್ಕೇನಂತೆ, ನಾನೇ ಮುಂದೆ ನಿಲ್ಲುವವಳು. ನನ್ನ ಚೀಟಿಯನ್ನೇ ಕಳಿಸಿದೆ. ಆ ಮೂವತ್ತು ರಿಂಗಿಟನ್ನೂ ನಾನೇ ಕಟ್ಟಿದೆ.

ಮುಂದಿನ ಶನಿವಾರ ಕಾಕ್ ಲೊಂಗ್ ಬಂದರು. ಅಡುಗೆಮನೆಯಲ್ಲಿ ಮಾಕ್ ಸಣ್ಣೀರುಳ್ಳಿ ಸುಲಿಯುತ್ತಿದ್ದರು. ನಾನು ಪ್ರವಾಸಕ್ಕೆ ಕಟ್ಟಿಕೊಂಡು ಹೋಗಲು ಮಾಂಸದ ಪುಡಿ ಹುರಿಯುತ್ತಿದ್ದೆ. ಅದನ್ನು ಸಣ್ಣ ಉರಿಯಲ್ಲಿ ಮೂರು ಗಂಟೆ ಕೈಯಾಡಿಸುತ್ತಲೇ ಇರಬೇಕು.

"ಒಡತಿ ಒಪ್ಕೊಂಡ್ರು ಅಕ್ಕ, ಇಪ್ಪತ್ತಮೂರು ಜನಕ್ಕೆ" ಅಂದೆ ನಾನು ಹೆಮ್ಮೆಯಿಂದ.

"ಇಪ್ಪತ್ತೆರಡೇ ಸಾಕಿತ್ತಲ್ಲ."

"ಸಾಕಾಗಲ್ಲ ಅಕ್ಕ. ನಿಮ್ಮನೇಲಿ ಏಳು..."

"ನನಗೂ ಲೆಕ್ಕ ಬರುತ್ತೆ ಸಲ್ಮಿ." ಅವರು ಕುರ್ಚಿ ಎಳೆದು ಕೂತರು. "ನಿನ್ನ ಕಡೆಯಿಂದ ಇಬ್ರು. ಮಕ್ಕಳು. ಕಮರುಲ್ ಮಕ್ಕಳನ್ನ ಬಿಟ್ಟು ಹೋಗ್ತೀವಾ ನಾವು? ತಂದೆ ಇಲ್ಲದ ಮಕ್ಕಳು."

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. "ನಾನು?"

"ಮೇಲಿನ ಕೋಣೆಗಳು ಗಂಡಹೆಂಡಿರಿಗೇ ಆಗೋಯ್ತು. ನಡುಮನೇಲಿ ಉಸು, ದೊಡ್ಡ ಹುಡುಗರು, ಎಲ್ಲ ಗಂಡುಮಕ್ಕಳೇ ಬಿದ್ಕೊಂಡಿರ್ತಾರೆ. ನೀನು ರಾತ್ರಿಯೆಲ್ಲ ತಲೆವಸ್ತ್ರ ಬಿಗಿದುಕೊಂಡೇ ಇರ್ಬೇಕು. ನಿನಗೇ ಕಷ್ಟ."

"ಹದಿನಾಲ್ಕು ವರ್ಷ ಹಂಗೇ ಮಲಗಿದೀನಿ."

"ಆಗ ಕಮರುಲ್ ಇದ್ದ."

ಬಾಣಲೆಯ ತಳ ಹಿಡಿಯುತ್ತಿತ್ತು. ನಾನು ಸೌಟು ಆಡಿಸಿದೆ. "ಮಾಕ್ ಕೋಣೆಲೇ ನೆಲದ ಮೇಲೆ ಮಲಗ್ತೀನಿ. ಅಲ್ಲಿ ಯಾವ ಗಂಡಸು ಬರ್ತಾನೆ?"

"ನೋಡು, ಮುಚ್ಚುಮರೆ ಯಾಕೆ?" ಅಂದರು ಕಾಕ್ ಲೊಂಗ್. "ಈ ಮನೆಯವಳಾಗಿ ಇರು ಅಂತ ಮಾಕ್ ಬಾಯಿಬಿಟ್ಟು ಕೇಳಿದ್ರು. ನೀನೇ ಒಲ್ಲೆ ಅಂದೆ. ನಾಳೆ ಯಾರನ್ನೋ ಮದ್ವೆ ಆಗ್ತೀಯ. ಆಗ್ಬೇಡ ಅಂತ ನಾವು ಹೇಳಲ್ಲ, ನಿನ್ನಿಷ್ಟ. ಆದ್ರೆ ಮನೆಯೋರು ಹೋಗೋ ಜಾಗಕ್ಕೆ..."

"ಮನೆಯೋರು" ಅಂದೆ ನಾನು. "ಹಂಗಾದ್ರೆ ಮನೆ ಹುಡುಕಿಕೊಡೋಕೆ ಮಾತ್ರ ನಾನು ಮನೆಯವಳಾ? ಮಾಕ್ ಕಕ್ಕಸಿಗೆ ಮೆಟ್ಟಿಲಿದೆಯಾ ಅಂತ ಹದಿನಾಲ್ಕು ಜನಕ್ಕೆ ಫೋನು ಮಾಡಿದೀನಲ್ಲ, ಯಾವ ಸಂಬಂಧಕ್ಕೆ ಮಾಡಿದೆ ಅದನ್ನ?"

"ದನಿ ಏರಿಸ್ಬೇಡ."

"ಮಾಕ್, ನೀವು ಹೇಳಿ."

ಮಾಕ್ ತಲೆಯೆತ್ತಲಿಲ್ಲ. ಇನ್ನೊಂದು ಈರುಳ್ಳಿ ತಗೊಂಡು ಬಾಲ ಕತ್ತರಿಸಿ, ಸಿಪ್ಪೆ ಬಿಡಿಸಿ, ಬಟ್ಟಲಿಗೆ ಹಾಕಿದರು. ನಾನು ಕಾಯುತ್ತಲೇ ಇದ್ದೆ.

"ಮುಂದಿನ ವರ್ಷ ಬರುವಿಯಂತೆ" ಅಂದರು ಕೊನೆಗೆ. "ಮನೇಲಿ ಯಾರಾದ್ರೂ ಇರ್ಬೇಕಲ್ಲ. ಬೆಕ್ಕಿದೆ."

ಬೆಕ್ಕಂತೆ! ಎಂಟು ವರ್ಷ ಆ ಬೆಕ್ಕಿಗೆ ಪಕ್ಕದ ಮನೆಯವರು ಮೀನು ಹಾಕಿದ್ದರು. ನಾನು ಒಲೆ ಹಾಗೇ ಬಿಟ್ಟು ಹಿತ್ತಿಲಿಗೆ ಹೋಗಿ ನಿಂತೆ. ಅಳು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಪುಡಿ ಸೀದ ವಾಸನೆ ಬಂತು, ಮತ್ತೆ ಒಳಗೆ ಹೋಗಿ ಅದನ್ನೇ ತಿರುವಿದೆ. ಮಾಂಸ ಕಿಲೋಗೆ ಎಷ್ಟು ಕೊಟ್ಟಿದ್ದೆನೋ ನನಗೇ ಗೊತ್ತು, ಹಾಳು ಮಾಡಲು ಮನಸ್ಸು ಬರಲಿಲ್ಲ.

ಹೊರಡುವ ವಾರ ಉಸು ಬಂದ. ಹಿಂದಿನ ಬಾಗಿಲ ಹತ್ತಿರ ನಿಂತು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಲೇ ಇದ್ದ. ಮದುವೆಯ ಆ ಮಾತಾದ ಮೇಲೆ ನನ್ನ ಎದುರು ಬರುವುದನ್ನೇ ಬಿಟ್ಟಿದ್ದ.

"ಅತ್ತಿಗೆ, ನಾನು ಹೋಗಲ್ಲ. ನೀವು ಹೋಗಿ. ಲೆಕ್ಕ ಸರಿಹೋಗುತ್ತೆ."

"ಮಾಕ್‌ನ ವ್ಯಾನಿಂದ ಎತ್ತಿ ಇಳಿಸೋರು ಯಾರು? ನಾನಾ?"

ಅವನು ಬಟ್ಟೆಯನ್ನು ಮಡಚಿ ಜೇಬಿಗೆ ತುರುಕಿಕೊಂಡ. ಆಮೇಲೆ, "ನನ್ನನ್ನೂ ಯಾರೂ ಕೇಳಿರಲಿಲ್ಲ ಅತ್ತಿಗೆ. ನಿಮ್ಮ ಹತ್ರ ಹೇಳಿದ ಮೇಲೆ ನನಗೆ ಹೇಳಿದ್ರು."

"ಗೊತ್ತು ಕಣೋ. ಊಟ ಆಯ್ತಾ?"

ಆಗಿರಲಿಲ್ಲ. ಬಡಿಸಿದೆ. ತಲೆ ತಗ್ಗಿಸಿಕೊಂಡು ಎರಡು ತಟ್ಟೆ ಅನ್ನ ತಿಂದು ಹೋದ. ಪಾಪ, ಅವನದೇನು ತಪ್ಪು.

ನಿಜವಾದ ಜಗಳ ಆದದ್ದು ಇರ್ದಿನಾಳ ಜೊತೆ. ಹದಿಮೂರು ವರ್ಷದ ಹುಡುಗಿ, ಯಾರೂ ಹೇಳದೆಯೂ ಎಲ್ಲ ತಿಳಿದುಕೊಂಡಿದ್ದಳು. ಚೀಲಕ್ಕೆ ತುಂಬಿದ ಬಟ್ಟೆಯನ್ನೆಲ್ಲ ತೆಗೆದು ಹಾಸಿಗೆಯ ಮೇಲೆ ಸುರಿದಳು.

"ನಾನು ಹೋಗಲ್ಲ. ನೀನು ಯಾಕೆ ಸುಮ್ನೆ ಇದೀಯ? ಎಲ್ಲರಿಗೂ ಬಯ್ತೀಯ, ಅವರಿಗೆ ಬಯ್ಯೋಕೆ ಆಗಲ್ವಾ?"

"ಬಟ್ಟೆ ತುಂಬು."

"ಅವರು ನಿನ್ನ ಆಳು ಅಂದ್ಕೊಂಡಿದಾರೆ ಅಮ್ಮ!"

ಒಂದು ಏಟು ಬಿಟ್ಟೆ. ನಾನು ಹೊಡೆಯಬೇಕಾದವರು ಆ ಕೋಣೆಯಲ್ಲಿ ಇರಲಿಲ್ಲ. ಅವಳ ಪಕ್ಕದಲ್ಲಿ ಕೂತು ಬಟ್ಟೆಯನ್ನು ಒಂದೊಂದಾಗಿ ಮಡಚಿದೆ.

"ಅಜ್ಜಿ ರಾತ್ರಿ ಎರಡು ಸಲ ಏಳ್ತಾರೆ. ಎಬ್ಬಿಸಿ ಕರ್ಕೊಂಡು ಹೋಗೋದು ನಿನಗೊಬ್ಬಳಿಗೇ ಗೊತ್ತು. ಆಕಿಫ್‌ಗೆ ಈಜು ಬರಲ್ಲ, ಕೊಳದ ಹತ್ರ ಕಣ್ಣಿಡು. ಅವರು ನಿನ್ನ ಅಪ್ಪನ ಮನೆಯೋರು, ನಿನಗೆ ಬೇಕಾಗ್ತಾರೆ."

"ನಿನಗೆ?"

ನಾನು ಚೀಲದ ಜಿಪ್ಪು ಎಳೆದೆ.

ಹೊರಟ ದಿನ ಬೆಳಗ್ಗೆ ಮೂರು ಕಾರು, ಒಂದು ವ್ಯಾನು ಬಾಗಿಲಲ್ಲಿ ನಿಂತಿದ್ದವು. ಸುರುಳಿ ಹಾಸಿಗೆಗಳು, ಅನ್ನ ಬೇಯಿಸುವ ದೊಡ್ಡ ಪಾತ್ರೆ, ಪುಡಿಯ ಡಬ್ಬಿ, ಮಾಕ್‌ನ ಔಷಧಿ, ಎಲ್ಲವನ್ನೂ ನಾನೇ ಜೋಡಿಸಿ ಇಟ್ಟೆ. ಯಾವ ಔಷಧಿ ಎಷ್ಟು ಹೊತ್ತಿಗೆ ಅಂತ ಚೀಟಿ ಬರೆದು ಇರ್ದಿನಾಳ ಕೈಗೆ ಕೊಟ್ಟೆ. ಉಸು ಮಾಕ್‌ನ ಎತ್ತಿ ಕೂರಿಸಿದ. ನಾನು ಅವರ ಕೈಗೆ ಮುತ್ತಿಟ್ಟಾಗ ಅವರ ಬೆರಳು ನನ್ನ ಬೆರಳನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಬಾಯಲ್ಲಿ ಮಾತ್ರ, "ಬೆಕ್ಕಿಗೆ ಅನ್ನ ಹಾಕು" ಅಂದರು.

ಗಾಡಿಗಳು ಹೋದವು. ಮನೆ ಗುಡಿಸಿದೆ, ಒರೆಸಿದೆ. ಮಾಕ್‌ನ ಹೊದಿಕೆ ಒಗೆದೆ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ತಿಳಿಯದೆ ಹೆಚ್ಚೇ ಹಾಕಿದೆ. ಮೂರು ಗಂಟೆಯ ಹೊತ್ತಿಗೆ ಅದೇ ಅನ್ನಕ್ಕೆ ಮೊಟ್ಟೆ ಹುರಿದುಕೊಂಡು ತಿನ್ನುತ್ತಿರುವಾಗ ಫೋನು ಬಂತು. ಕಾಕ್ ಲೊಂಗ್.

"ಸಲ್ಮಿ, ಸಲ್ಮೀ, ಊಟ ಆಯ್ತೇನಮ್ಮಾ?"

ಅಷ್ಟು ಮೃದುವಾದ ದನಿಯನ್ನು ಅವರ ಬಾಯಲ್ಲಿ ನಾನು ಕಮರುಲ್ ಸತ್ತ ದಿನ ಮಾತ್ರ ಕೇಳಿದ್ದೆ. "ಏನಾಯ್ತು? ಮಾಕ್?"

"ಮಾಕ್ ಚೆನ್ನಾಗಿದಾರೆ. ಬಿಸಿಲಲ್ಲಿ ಕೂತಿದಾರೆ ಅಷ್ಟೇ. ಇಲ್ಲೊಬ್ಬ ಕಾವಲಿನ ಮುದುಕ ಬಾಗಿಲು ತೆಗೀತಿಲ್ಲ. ಗುರುತಿನ ಚೀಟಿಯೋರು ಬರ್ಬೇಕಂತೆ. ನಾನು ಮುಖ್ಯೋಪಾಧ್ಯಾಯಿನಿ ಅಂದ್ರೂ ಕೇಳ್ತಿಲ್ಲ. ಒಡತಿ ಫೋನು ಎತ್ತುತ್ತಿಲ್ಲ. ನೀನೇ ಸ್ವಲ್ಪ ಹೇಳು."

ದೇವರಾಣೆ, ಬೇಕೆಂದು ಮಾಡಿದ್ದಲ್ಲ. ಚೀಟಿ ಕಳಿಸಿದಾಗ ನಾನೂ ಹೋಗುವವಳೇ. ಆಮೇಲೆ ಆ ಮಾತೇ ನನಗೆ ಮರೆತುಹೋಗಿತ್ತು.

"ಸ್ಪೀಕರಿಗೆ ಹಾಕಿ ಕೊಡಿ ಅವರಿಗೆ" ಅಂದೆ.

ಮುದುಕನ ಹೆಸರು ದೆರಾಮನ್, ಕಿವಿ ಸ್ವಲ್ಪ ದೂರ. ಕೂಗಿ ಕೂಗಿ ಮಾತಾಡುತ್ತಿದ್ದ. ನನ್ನ ಹೆಸರು, ಚೀಟಿಯ ಅಂಕಿ ಎರಡೂ ಹೇಳಿಸಿಕೊಂಡ.

"ಎಲ್ಲ ಸರಿಯಿದೆ ತಾಯಿ. ಆದ್ರೆ ನೀವೇ ಇಲ್ವಲ್ಲ. ಗೇಟಿನ ಮುಂದೆ ಒಂದು ಊರೇ ನಿಂತಿದೆ. ಇವರು ನಿಮಗೆ ಏನಾಗ್ಬೇಕು?"

ಆ ಕಡೆ ಗಲಾಟೆ ನಿಂತುಹೋಯಿತು. ಮಕ್ಕಳ ಕಿರುಚಾಟವೂ ನಿಂತಿತು. ಎಲ್ಲರೂ ಕೇಳುತ್ತಿದ್ದಾರೆ ಅಂತ ನನಗೆ ಗೊತ್ತು. ನನಗೆ ಗೊತ್ತಿಲ್ಲ, ಯಾರೋ ಏನೋ ಅಂದುಬಿಡೋಣ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಆ ಆಸೆ ಬಾಯಿಯ ತನಕ ಬಂತು. ಆಗ ಮಾಕ್ ಕೆಮ್ಮಿದರು. ಅವರ ಕೆಮ್ಮು ನೂರು ಜನರ ನಡುವೆಯೂ ನನಗೆ ತಿಳಿಯುತ್ತದೆ.

"ಗಾಲಿಕುರ್ಚೀಲಿ ಕೂತಿರೋರು ನನ್ನ ಅತ್ತೆ" ಅಂದೆ. "ಅವರಿಗೆ ಮೊದಲು ನೀರು ಕೊಡಿ. ಹಳದಿ ಅಂಗಿ ಹುಡುಗ, ಅವನ ಪಕ್ಕ ನಿಂತಿರೋ ಹುಡುಗಿ, ನನ್ನ ಮಕ್ಕಳು."

"ಸರಿ. ಮತ್ತೆ ಉಳಿದೋರು?"

"ಅವರ ಜೊತೆ ಬಂದೋರು."

ಬೀಗ ತೆಗೆದ ಸದ್ದು ಕೇಳಿತು, ಗೇಟು ಕಿರುಗುಟ್ಟಿತು. ಮುದುಕ ತಲೆ ಎಣಿಸತೊಡಗಿದ, ಜೋರಾಗಿ, ಒಬ್ಬೊಬ್ಬರಾಗಿ. ನಾನು ಫೋನು ಇಡದೆ ಎಲ್ಲವನ್ನೂ ಕೇಳಿಸಿಕೊಂಡೆ. ಇಪ್ಪತ್ತೆರಡಕ್ಕೆ ನಿಂತಿತು.

"ತಾಯೀ, ಇಲ್ಲಿ ಇಪ್ಪತ್ತಮೂರು ಅಂತ ಬರೆದಿದೆ. ದುಡ್ಡೂ ಕಟ್ಟಿದೀರಿ. ಅಜ್ಜಿ ಕೋಣೇಲಿ ಹಾಸಿಗೆ ಹಾಸಿಟ್ಟಿದೀನಿ. ಇನ್ನೊಬ್ಬರು ಹಿಂದೆ ಬರ್ತಾರಾ?"

ಅಷ್ಟರಲ್ಲಿ ಇರ್ದಿನಾ "ಅಮ್ಮಾ" ಅಂದದ್ದು ಕೇಳಿತು. ಮಾಕ್ ಏನಾದರೂ ಅನ್ನುತ್ತಾರೇನೋ ಅಂತ ನಾನು ಕಾದೆ. ಅಡುಗೆಮನೆಯಲ್ಲಿ ಕಾದಷ್ಟೇ ಹೊತ್ತು ಕಾದೆ.

"ಇಲ್ಲ" ಅಂದೆ. "ಅದನ್ನ ಎತ್ತಿಬಿಡಿ."

ತಟ್ಟೆಯಲ್ಲಿ ಅನ್ನ ಆರಿತ್ತು. ಉಳಿದದ್ದನ್ನು ಬೆಕ್ಕಿಗೆ ಹಾಕಿ ಕೈ ತೊಳೆದುಕೊಂಡು ಬಂದು ಕೂತೆ. ಫೋನು ತೆಗೆದು ನಮ್ಮೂರಲ್ಲೇ ಬಾಡಿಗೆ ಮನೆ ಹುಡುಕತೊಡಗಿದೆ. ಕ್ಯಾಂಟೀನಿಗೆ ನಡೆದು ಹೋಗುವಷ್ಟು ಹತ್ತಿರ, ಎರಡು ಕೋಣೆ, ನೀರು ಜೋರಾಗಿ ಬರಬೇಕು. ಎಷ್ಟು ಜನ ಎಂದು ಅದು ಕೇಳಿತು. ಬೆರಳು ಮಡಚಿ ಎಣಿಸುವ ಅಭ್ಯಾಸ ನನಗೆ. ಈ ಸಲ ಎಣಿಸಬೇಕಾಗಲಿಲ್ಲ. ಮೂರು ಎಂದು ಒತ್ತಿದೆ.